ಹೆಡ್‌ಫೋನ್‌ನಲ್ಲಿ ‘ಗುಂಯ್’: ಸದ್ದು ಎಲ್ಲಿಂದ ನುಗ್ಗುತ್ತದೆ, ನಾನು ಹೇಗೆ ಅಡಗಿಸುತ್ತೇನೆ

ಹಾಡು ನಿಲ್ಲಿಸಿ, ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಸುಮ್ಮನೆ ಕೂತರೆ ಕಂಪ್ಯೂಟರ್ ತನ್ನ ಕಾಯಿಲೆ ತಾನೇ ಹೇಳುತ್ತದೆ. ಮರಳು ಸುರಿದಂತೆ ಒಂದೇ ಸಮನೆ ‘ಶ್ಶ್’ ಎನ್ನುವುದು ಒಂದು. ಬೀದಿಯ ಟ್ರಾನ್ಸ್‌ಫಾರ್ಮರ್‌ ಪಕ್ಕ ನಿಂತಂತೆ ‘ಗುಂಯ್’ ಎನ್ನುವುದು ಇನ್ನೊಂದು. ಮೌಸ್ ಆಡಿಸಿದಾಗ, ಪುಟ ಸರಿಸಿದಾಗ ಮಾತ್ರ ‘ಚಿರ್ರ್’ ಎನ್ನುವುದು ಮತ್ತೊಂದು. ಹಾಡಿನ ನಡುವೆ ‘ಪಟ್ ಪಟ್’ ಎಂದು ಒಡೆಯುವುದು ಬೇರೆಯೇ ಜಾತಿ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಅಂಗಡಿಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಮದ್ದು ಕೊಡುತ್ತಾರೆ: ಯುಎಸ್‌ಬಿ ಸೌಂಡ್ ಕಾರ್ಡ್. ಕೆಲವೊಮ್ಮೆ ನಾಟುತ್ತದೆ, ಕೆಲವೊಮ್ಮೆ ಹಳೆಯ ಸದ್ದಿನ ಜಾಗಕ್ಕೆ ಹೊಸ ಸದ್ದು ಬರುತ್ತದೆ.

ಹಾಗಾಗಿ ನಾನು ಏನನ್ನೂ ಕೊಳ್ಳುವ ಮೊದಲು ಹತ್ತು ನಿಮಿಷ ಪರೀಕ್ಷೆಗೆ ಇಡುತ್ತೇನೆ. ಮೊದಲು ಅದೇ ಹೆಡ್‌ಫೋನನ್ನು ಮೊಬೈಲ್‌ಗೆ ಹಾಕಿ ನೋಡುವುದು. ಅಲ್ಲೂ ಅದೇ ಸದ್ದಿದ್ದರೆ ವೈರೋ ಪಿನ್ನೋ ಕೆಟ್ಟಿದೆ, ಕಂಪ್ಯೂಟರ್ ತಪ್ಪಿಲ್ಲ. ಆಮೇಲೆ ಕಂಪ್ಯೂಟರ್‌ನ ವಾಲ್ಯೂಮ್ ಸೊನ್ನೆಗೆ ಇಳಿಸುವುದು. ಸದ್ದು ಹಾಗೇ ಉಳಿದರೆ ಅದು ಹಾಡು ಬರುವ ದಾರಿಯಲ್ಲಿ ಬಂದದ್ದಲ್ಲ. ಡಿಜಿಟಲ್ ಸಂಕೇತ ವಿದ್ಯುತ್ತಾಗಿ ಬದಲಾದ ಮೇಲೆ, ಕೊನೆಯ ಆಂಪ್ಲಿಫೈಯರ್‌ನಲ್ಲೋ ಅಲ್ಲಿಂದ ಜಾಕ್‌ವರೆಗಿನ ವೈರಿನಲ್ಲೋ ಸೇರಿಕೊಂಡದ್ದು. ವಾಲ್ಯೂಮ್ ಜೊತೆಗೇ ಏರಿಳಿದರೆ ಒಳಗೆ ಯಾವುದೋ ಮೈಕ್ ಬಾಯಿ ತೆರೆದುಕೊಂಡಿರುವ ಸಾಧ್ಯತೆ ಹೆಚ್ಚು. ಮೂರನೆಯದು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳುವುದು. ಸದ್ದು ನಿಂತರೆ ಸಂಶಯ ಚಾರ್ಜರ್, ಅರ್ಥಿಂಗ್‌ಗಳ ಮೇಲೆ. ನಾಲ್ಕನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಹಾಡು ನಿಲ್ಲಿಸಿ ಹತ್ತಿಪ್ಪತ್ತು ಸೆಕೆಂಡ್ ಕಾಯುವುದು. ಸಣ್ಣದಾಗಿ ‘ಟಪ್’ ಎಂದು ಸದ್ದು ಪೂರ್ತಿ ನಿಂತರೆ, ಸೌಂಡ್ ಚಿಪ್ ವಿದ್ಯುತ್ ಉಳಿಸಲು ನಿದ್ದೆಗೆ ಹೋಯಿತು ಎಂದರ್ಥ. ಆಗ ‘ಶ್ಶ್’ ಆ ಚಿಪ್‌ನದೇ. ಅದು ಮಲಗಿದ ಮೇಲೂ ಸದ್ದು ಮುಂದುವರಿದರೆ ವೈರೋ ಅರ್ಥಿಂಗೋ ಕಾರಣ.

ಈ ನಿದ್ದೆಯೇ ಕೆಲವರಿಗೆ ಕಾಟ. ಮತ್ತೆ ಏನಾದರೂ ನುಡಿಸಿದಾಗ ಇನ್ನೊಂದು ‘ಟಪ್’, ಜೊತೆಗೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಲಿನಕ್ಸ್‌ನಲ್ಲಿ ಸೌಂಡ್ ಚಿಪ್ ನಡೆಸುವ ಎಚ್‌ಡಿಎ ಡ್ರೈವರ್‌ನ ‘ಪವರ್ ಸೇವ್’ ಮೌಲ್ಯವನ್ನು 0 ಮಾಡಿದರೆ ಚಿಪ್ ಎಚ್ಚರವಾಗಿಯೇ ಇರುತ್ತದೆ. ಆಪ್‌ಗಳ ಧ್ವನಿಯನ್ನು ಚಿಪ್‌ಗೆ ಮುಟ್ಟಿಸುವ ಪೈಪ್‌ವೈರ್ ಎಂಬ ತಂತ್ರಾಂಶ ಇದ್ದಲ್ಲಿ ಅದರ ಸೆಷನ್ ಮ್ಯಾನೇಜರ್ ಕೂಡ 5 ಸೆಕೆಂಡಿಗೆ ಸಾಧನವನ್ನು ಮಲಗಿಸುತ್ತದೆ. ಅಲ್ಲೂ ಸೊನ್ನೆ ಹಾಕಬೇಕು. ಒಂದನ್ನು ಮಾತ್ರ ಬದಲಿಸಿ ‘ಆಗಲಿಲ್ಲ’ ಎನ್ನುವವರೇ ಜಾಸ್ತಿ.

ವಿಂಡೋಸ್‌ನಲ್ಲಿ ಮೈಕ್ ಸೋರುವುದನ್ನು ನಿಲ್ಲಿಸಲು ರನ್ ಕಿಟಕಿಯಲ್ಲಿ ಎಂ-ಎಂ-ಎಸ್-ವೈ-ಎಸ್ ಡಾಟ್ ಸಿ-ಪಿ-ಎಲ್ ಎಂದು ಟೈಪ್ ಮಾಡಿ ಹಳೆಯ ಸೌಂಡ್ ಪೆಟ್ಟಿಗೆ ತೆರೆಯುತ್ತೇನೆ. ‘ರೆಕಾರ್ಡಿಂಗ್’ನಲ್ಲಿ ಪ್ರತಿ ಮೈಕ್‌ನ ‘ಪ್ರಾಪರ್ಟೀಸ್’ಗೆ ಹೋಗಿ ‘ಲಿಸನ್’ ಅಡಿಯ ಟಿಕ್ ತೆಗೆಯುವುದು. ‘ಪ್ಲೇಬ್ಯಾಕ್’ನಲ್ಲಿ ಸ್ಪೀಕರ್‌ನ ‘ಲೆವೆಲ್ಸ್’ ನೋಡಿದರೆ ಕೆಲವು ಡ್ರೈವರ್‌ಗಳು ಅಲ್ಲೇ ಮೈಕ್, ಲೈನ್-ಇನ್‌ಗಳ ಕಡ್ಡಿಗಳನ್ನೂ ಇಟ್ಟಿರುತ್ತವೆ. ಅವೆಲ್ಲ ಮ್ಯೂಟ್. ಹೋದ ಕೈಯಲ್ಲೇ ‘ಅಡ್ವಾನ್ಸ್ಡ್’ನಲ್ಲಿ 24 ಬಿಟ್, 48000 ಹರ್ಟ್ಸ್ ಮಾಡಿಡುತ್ತೇನೆ. ಸಿಸ್ಟಂ ವಾಲ್ಯೂಮನ್ನು 40 ಡೆಸಿಬೆಲ್ ಇಳಿಸಿ ಕೇಳುವವರಿಗೆ 16 ಬಿಟ್‌ನಲ್ಲಿ ಆರೂವರೆ ಬಿಟ್‌ನಷ್ಟು ನಷ್ಟವಾಗಿ, ಸಣ್ಣ ಸದ್ದುಗಳು ಒರಟಾಗುತ್ತವೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಹಾಕಿದರೆ ಹೆಡ್‌ಫೋನಿನ ‘ಶ್ಶ್’ ಹೋಗುತ್ತದೆ ಎಂದುಕೊಳ್ಳುತ್ತಾರೆ. ಆ ತಂತ್ರಾಂಶಗಳ ಕೆಲಸ ಮೈಕ್‌ನಿಂದ ಬಂದ ಅಥವಾ ಎದುರಿನವರ ಕಡೆಯಿಂದ ಬಂದ ಧ್ವನಿಯ ಮೇಲೆ. ಸಾಫ್ಟ್‌ವೇರ್ ಕೈಬಿಟ್ಟ ಮೇಲೆ ವೈರಿನಲ್ಲಿ ಸೇರಿಕೊಂಡದ್ದನ್ನು ಯಾವ ಆಪ್ ತೆಗೆದೀತು? ಮೀಟಿಂಗ್‌ನಲ್ಲಿ ಮಾತ್ರ ಸದ್ದು, ಡಿಸ್ಕ್‌ನಲ್ಲಿರುವ ಹಾಡು ಕೇಳುವಾಗ ಇಲ್ಲ ಎಂದರೆ ಅದು ಆ ಕಡೆಯವರ ಮೈಕ್. ನಿಮ್ಮ ಹೆಡ್‌ಫೋನ್ ಬದಲಿಸಿ ಪ್ರಯೋಜನವಿಲ್ಲ.

ಡೆಸ್ಕ್‌ಟಾಪ್‌ನ ‘ಚಿರ್ರ್’ಗೆ ಮೊದಲು ಸಂಶಯಿಸಬೇಕಾದದ್ದು ಕ್ಯಾಬಿನೆಟ್‌ನ ಮುಂದಿನ ಜಾಕ್. ಅದರಿಂದ ಮದರ್‌ಬೋರ್ಡ್‌ಗೆ ಹೋಗುವ ವೈರು ಉದ್ದ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಅದಕ್ಕೆ ಶೀಲ್ಡ್, ಅಂದರೆ ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ, ಇರುವುದಿಲ್ಲ. ಜೋಡಿಸುವವರು ಅದನ್ನು ಗ್ರಾಫಿಕ್ಸ್ ಕಾರ್ಡ್‌ನ ಹೊಟ್ಟೆಯಡಿಯೇ ಎಳೆದಿರುತ್ತಾರೆ. ಕಾರ್ಡ್ ಕರೆಂಟ್ ಎಳೆದಂತೆಲ್ಲ ವೈರು ಅದನ್ನು ಹಾಡುತ್ತದೆ. ಹಿಂದಿನ ಹಸಿರು ಜಾಕ್‌ಗೆ ಹಾಕಿ ಕೇಳಿ. ನಿಂತುಹೋದರೆ ಉತ್ತರ ಸಿಕ್ಕಿತು. ಮುಂದಿನ ಜಾಕೇ ಬೇಕೆಂದರೆ ವೈರನ್ನು ಮದರ್‌ಬೋರ್ಡ್ ಕೂರುವ ತಗಡಿನ ಹಿಂಬದಿಯಿಂದ ತಂದು, ಕೊನೆಗೆ ಕನೆಕ್ಟರ್ ಹತ್ತಿರ ಮಾತ್ರ ಮುಂದಕ್ಕೆ ಬಿಡಬೇಕು.

ಹಾಗೆ ಮಾಡಿಯೂ ಹೋಗದಿದ್ದರೆ ಇನ್ನೊಂದು ಕಾರಣವಿರುತ್ತದೆ. ಮುಂದಿನ ಯುಎಸ್‌ಬಿ ಮತ್ತು ಆಡಿಯೋ ಜಾಕ್‌ಗಳು ಒಂದೇ ಪುಟ್ಟ ಬೋರ್ಡ್ ಮೇಲಿದ್ದರೆ ಎರಡರ ಗ್ರೌಂಡನ್ನೂ ಅಲ್ಲೇ ಕೂಡಿಸಿಬಿಟ್ಟಿರುತ್ತಾರೆ. ಆಗ ಯುಎಸ್‌ಬಿ ಕರೆಂಟ್ ವಾಪಸ್ ಹೋಗುವಾಗ ಒಂದು ಪಾಲು ಆಡಿಯೋ ಗ್ರೌಂಡ್ ವೈರಿನ ಮೂಲಕವೇ ಹೋಗುತ್ತದೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಮುಂದಿನ ಯುಎಸ್‌ಬಿಯ ಕನೆಕ್ಟರನ್ನು ಮದರ್‌ಬೋರ್ಡ್‌ನಿಂದ ಬಿಡಿಸಿ ಮತ್ತೆ ಕೇಳಿದರೆ ಗೊತ್ತಾಗುತ್ತದೆ. ಆ ಬೋರ್ಡನ್ನು ರಿಪೇರಿ ಮಾಡುವುದು ವ್ಯರ್ಥ. ನಾನು ಹಿಂದಿನ ಜಾಕ್‌ನಿಂದ ಶೀಲ್ಡ್ ಇರುವ ಎಕ್ಸ್‌ಟೆನ್ಷನ್ ವೈರ್ ಎಳೆದು ಮೇಜಿನ ಅಂಚಿಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಅಂದಹಾಗೆ, ಹೆಡ್‌ಫೋನ್ ತೆಗೆದರೂ ‘ಚಿರ್ರ್’ ಪೆಟ್ಟಿಗೆಯಿಂದಲೇ ಕೇಳಿಸಿದರೆ ಅದು ಗ್ರಾಫಿಕ್ಸ್ ಕಾರ್ಡ್‌ನ ಕಾಯಿಲ್ ನಡುಗುವ ಸದ್ದು. ಆಟದ ಫ್ರೇಮ್ ದರಕ್ಕೆ ಮಿತಿ ಹಾಕಿದರೆ ತಗ್ಗುತ್ತದೆ.

ಈಗ ‘ಶ್ಶ್’. ಇದರಲ್ಲಿ ಕೆಟ್ಟಿರುವುದು ಏನೂ ಇಲ್ಲ ಎನ್ನುವುದೇ ತಮಾಷೆ. ಎಲ್ಲ ಆಂಪ್ಲಿಫೈಯರ್‌ಗೂ ತನ್ನದೇ ಒಂದಿಷ್ಟು ನಾಯ್ಸ್ ಇರುತ್ತದೆ. ಉದಾಹರಣೆಗೆ 20 ಮೈಕ್ರೋವೋಲ್ಟ್ ಎಂದುಕೊಳ್ಳಿ. ಕಿವಿಯೊಳಗೆ ಕೂರುವ 16 ಓಮ್‌ನ, ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಕೊಡುವ ಇಯರ್‌ಫೋನ್ ಅದನ್ನು ಸುಮಾರು 34 ಡೆಸಿಬೆಲ್ ಮಾಡಿ ಕೇಳಿಸುತ್ತದೆ. ರಾತ್ರಿ ಮನೆ ಮಲಗಿದ ಮೇಲೆ ಇದು ಚೆನ್ನಾಗಿಯೇ ಕೇಳುತ್ತದೆ. ಅದೇ ಜಾಕ್‌ಗೆ 32 ಓಮ್, 100 ಡೆಸಿಬೆಲ್‌ನ ದೊಡ್ಡ ಹೆಡ್‌ಫೋನ್ ಹಾಕಿದರೆ 21ಕ್ಕೆ ಇಳಿಯುತ್ತದೆ. ಹೆಚ್ಚು ದುಡ್ಡು ಕೊಟ್ಟು ಸೂಕ್ಷ್ಮವಾದ ಇಯರ್‌ಫೋನ್ ತಂದವರಿಗೇ ‘ಶ್ಶ್’ ಜಾಸ್ತಿ ಕೇಳುವುದು ಇದಕ್ಕೇ.

ಇದಕ್ಕೆ ನಾನು ಮಾಡಿಕೊಂಡದ್ದು ನಾಲ್ಕು ರೆಸಿಸ್ಟರ್‌ನ ಅಡ್ಡಗಟ್ಟೆ. ಅರ್ಧ ಮೀಟರ್‌ನ ಸ್ಟೀರಿಯೋ ಎಕ್ಸ್‌ಟೆನ್ಷನ್ ವೈರ್, ಒಂದು ತುದಿ ಪಿನ್, ಇನ್ನೊಂದು ತುದಿ ಸಾಕೆಟ್. ಪಿನ್ ಮೇಲೆ ಕಪ್ಪು ಪಟ್ಟಿ ಎರಡೇ ಇರಬೇಕು. ಮೂರಿದ್ದರೆ ಅದು ಮೈಕ್ ಇರುವ ಹೆಡ್‌ಸೆಟ್‌ನದು, ಈ ಕೆಲಸಕ್ಕೆ ಬೇಡ. 47 ಓಮ್ ಎರಡು, 4.7 ಓಮ್ ಎರಡು, ಕಾಲು ವ್ಯಾಟ್‌ನವು. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ರೆಸಿಸ್ಟರ್‌ಗೆ ಕೊಡುವುದು ಚಿಲ್ಲರೆ ಕಾಸು. ವೈರನ್ನು ನಡುವೆ ಕತ್ತರಿಸಿ, ಎಡ ಮತ್ತು ಬಲ ಎರಡಕ್ಕೂ ಪಿನ್ ಕಡೆಯಿಂದ ಸಾಕೆಟ್ ಕಡೆಗೆ 47 ಓಮ್ ಅನ್ನು ಸರಣಿಯಲ್ಲಿ ಹಾಕಬೇಕು. 47 ಮುಗಿದು ಸಾಕೆಟ್ ವೈರ್ ಶುರುವಾಗುವ ಜಾಗದಿಂದ ಗ್ರೌಂಡ್‌ಗೆ 4.7 ಓಮ್. ಗ್ರೌಂಡ್ ವೈರ್ ನೇರವಾಗಿ ದಾಟಬೇಕು.

ವೈರಿನ ಬಣ್ಣ ನಂಬಬೇಡಿ. ಕೆಂಪು ಬಲಕ್ಕೆ ಎನ್ನುವುದು ರೂಢಿ, ಆದರೆ ಅಗ್ಗದ ವೈರಿನಲ್ಲಿ ಏನು ಬೇಕಾದರೂ ಇರುತ್ತದೆ. ಮಲ್ಟಿಮೀಟರ್‌ನ ಬೀಪ್‌ನಲ್ಲಿ ಪಿನ್ನಿನ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್ ಎಂದು ನೋಡಿಯೇ ಹಚ್ಚುತ್ತೇನೆ. ಒಳಗಿನ ಎಳೆಗಳಿಗೆ ಬಣ್ಣದ ಎನಾಮಲ್ ಬಳಿದಿದ್ದರೆ ಸೋಲ್ಡರ್ ಹಿಡಿಯುವುದೇ ಇಲ್ಲ, ಗುಂಡಾಗಿ ಉರುಳಿಹೋಗುತ್ತದೆ. ಕಾದ ಐರನ್ ತುದಿಯಲ್ಲಿ ಒಂದು ಹನಿ ಸೋಲ್ಡರ್ ಇಟ್ಟು ಎಳೆಯನ್ನು ಅದರೊಳಗೆ ಮೂರ್ನಾಲ್ಕು ಸೆಕೆಂಡ್ ಅದ್ದಿ ಹಿಡಿದರೆ ಎನಾಮಲ್ ಸುಟ್ಟು ಹೊಗೆಯಾಡಿ, ತಾಮ್ರ ಬೆಳ್ಳಗಾಗುತ್ತದೆ. ಹೀಟ್ ಶ್ರಿಂಕ್ ಟ್ಯೂಬನ್ನು ಬೆಸುಗೆಗೆ ಮೊದಲೇ ತೂರಿಸಿಡಿ. ಆಮೇಲೆ ತೂರಿಸಲು ದಾರಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಎಲ್ಲರೂ ಮರೆಯುತ್ತಾರೆ.

ಇಲ್ಲಿ ಕೈಕೊಡುವುದು ಒಂದೇ. 47 ಮತ್ತು 4.7 ಎರಡರ ಮೇಲೂ ಹಳದಿ, ನೇರಳೆ ಪಟ್ಟಿಗಳಿರುತ್ತವೆ. ಮೂರನೆಯದು 47ಕ್ಕೆ ಕಪ್ಪು, 4.7ಕ್ಕೆ ಬಂಗಾರ. ಅದಲುಬದಲಾದರೆ 23 ಡೆಸಿಬೆಲ್ ತಗ್ಗಬೇಕಾದದ್ದು 3 ಮಾತ್ರ ತಗ್ಗುತ್ತದೆ, ಸದ್ದು ಇದ್ದಲ್ಲೇ ಇರುತ್ತದೆ. ಮುಗಿದ ಮೇಲೆ ಏನನ್ನೂ ಜೋಡಿಸದೆ ಅಳೆಯಿರಿ: ಪಿನ್ನಿನ ತುದಿಗೂ ಬುಡಕ್ಕೂ ನಡುವೆ 52 ಓಮ್ ಆಸುಪಾಸು, ಸಾಕೆಟ್ ಕಡೆ 5 ಓಮ್ ಆಸುಪಾಸು ಬರಬೇಕು.

16 ಓಮ್ ಇಯರ್‌ಫೋನ್‌ಗೆ ಇದು ಸುಮಾರು 23 ಡೆಸಿಬೆಲ್ ಇಳಿಸುತ್ತದೆ; 34 ಇದ್ದ ‘ಶ್ಶ್’ 11ಕ್ಕೆ ಬಂದು ಕೋಣೆಯ ಮೌನದಲ್ಲೇ ಮುಳುಗುತ್ತದೆ. ಹಾಡೂ ಅಷ್ಟೇ ಇಳಿಯುತ್ತದೆ, ಸಿಸ್ಟಂ ವಾಲ್ಯೂಮ್ ಏರಿಸಿ ಸರಿದೂಗಿಸಿಕೊಳ್ಳಬೇಕು. ಜಾಕ್ 1 ವೋಲ್ಟ್ ಕೊಟ್ಟರೆ ಇನ್ನೂ 105 ಡೆಸಿಬೆಲ್ ಬರುತ್ತದೆ, ಕಿವಿಗೆ ಬೇಕಾದ್ದಕ್ಕಿಂತ ಜಾಸ್ತಿ. ಇದೇ ಅನುಪಾತಕ್ಕೆ 100 ಮತ್ತು 10 ಓಮ್ ಹಾಕಬಹುದು, ಆದರೆ ಆಗ ಇಯರ್‌ಫೋನಿಗೆ ಕಾಣುವ ಔಟ್‌ಪುಟ್ ತಡೆ 9 ಓಮ್‌ಗೆ ಹೋಗುತ್ತದೆ. ಒಳಗೆ ಎರಡು ಮೂರು ಡ್ರೈವರ್ (ಪುಟ್ಟ ಸ್ಪೀಕರ್) ಇರುವ ಇಯರ್‌ಫೋನ್‌ಗಳ ಸ್ವರದ ಹದ ಕೆಡುತ್ತದೆ. 47 ಮತ್ತು 4.7ರಲ್ಲಿ ಅದು 4 ಓಮ್ ಚಿಲ್ಲರೆ.

‘ಗುಂಯ್’ ಕಂಪ್ಯೂಟರ್‌ಗಿಂತ ಮನೆಯ ವೈರಿಂಗ್‌ನ ಕತೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಸದ್ದು 50, 100, 150ರಲ್ಲಿ ಕೂರುತ್ತದೆ. ಲ್ಯಾಪ್‌ಟಾಪ್‌ನ ಲೋಹದ ಮೈ ಮೇಲೆ ಕೈಯಿಟ್ಟಾಗ ಸದ್ದು ಬದಲಾದರೆ, ಬೆರಳು ಸವರಿದಾಗ ‘ಜುಮ್’ ಎಂದರೆ, ಅರ್ಥಿಂಗ್ ಇಲ್ಲ. ಎರಡು ಪಿನ್ನಿನ ಚಾರ್ಜರ್‌ನ ಒಳಗೆ ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಸೋರುವ ಚೂರು ಕರೆಂಟ್ ಹೋಗಲು ದಾರಿಯಿಲ್ಲದೆ ಲ್ಯಾಪ್‌ಟಾಪ್ ಮೈಯಲ್ಲೇ ನಿಲ್ಲುತ್ತದೆ. ಮೂರು ಪಿನ್ನಿನ ಚಾರ್ಜರ್ ಹಾಕಿಯೂ ಹಾಗೇ ಇದ್ದರೆ ಗೋಡೆಯ ಸಾಕೆಟ್‌ನ ಮೇಲಿನ ದಪ್ಪ ರಂಧ್ರ ಬರೀ ಅಲಂಕಾರಕ್ಕಿದೆ. ಫೇಸ್‌ನಿಂದ ಅರ್ಥ್‌ಗೆ 230 ವೋಲ್ಟ್ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ತೋರಿಸಬೇಕು. ಮೀಟರ್ ಅಂಕಿ ಎಲ್ಲೆಲ್ಲೋ ಅಲೆದಾಡಿದರೆ ಅರ್ಥ್ ವೈರ್ ತುಂಡಾಗಿದೆ. ಈ ಅಳತೆಯ ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ರನ್ನೇ ಕರೆಯಬೇಕು.

ಅರ್ಥಿಂಗ್ ಸರಿಯಿದ್ದೂ ‘ಗುಂಯ್’ ಬರುವುದು ಎರಡು ಉಪಕರಣ ಎರಡು ಬೇರೆ ಸಾಕೆಟ್‌ನಿಂದ ಅರ್ಥ್ ಪಡೆದು, ನಡುವೆ ಆಡಿಯೋ ವೈರಿನಿಂದ ಮತ್ತೆ ಕೂಡಿದಾಗ. ಕಂಪ್ಯೂಟರ್, ಮಾನಿಟರ್, ಹೆಡ್‌ಫೋನ್ ಆಂಪ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತಂದರೆ ಅರ್ಧಕ್ಕರ್ಧ ಪ್ರಸಂಗಗಳಲ್ಲಿ ಅಲ್ಲಿಗೇ ಮುಗಿಯುತ್ತದೆ. ಸದ್ದು ಹೋಗುತ್ತದೆಂದು ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಹೋಗುವುದು ನಿಜ, ಒಳಗೆ ಏನಾದರೂ ಶಾರ್ಟ್ ಆದ ದಿನ ಹೆಡ್‌ಫೋನ್ ಹಾಕಿಕೊಂಡ ತಲೆಯೇ ಅರ್ಥ್ ಆಗುತ್ತದೆ. ಬದಲಿಗೆ ಕಂಪ್ಯೂಟರ್‌ಗೂ ಆಂಪ್‌ಗೂ ನಡುವೆ 600 ಓಮ್‌ನ 1:1 ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅದು ನೇರ ಸಂಪರ್ಕ ಕಡಿದು ಹಾಡನ್ನು ಮಾತ್ರ ದಾಟಿಸುತ್ತದೆ. ಆಂಪ್‌ಗೂ ಹೆಡ್‌ಫೋನ್‌ಗೂ ನಡುವೆ ಅದನ್ನು ಹಾಕಿದರೆ ಬಾಸ್ ಸತ್ತುಹೋಗುತ್ತದೆ.

ಯುಎಸ್‌ಬಿ ಸೌಂಡ್ ಕಾರ್ಡ್ ಕೆಲಸಕ್ಕೆ ಬರುವುದು ಸದ್ದು ಮದರ್‌ಬೋರ್ಡ್‌ನ ಚಿಪ್‌ನದೋ ಮುಂದಿನ ಜಾಕ್‌ನದೋ ಆದಾಗ. ಅದಕ್ಕೂ ತನ್ನದೇ ರೋಗ ಒಂದಿದೆ: ಸಿಳ್ಳೆ ಹೊಡೆದಂಥ 1 ಕಿಲೋಹರ್ಟ್ಸ್ ಸ್ವರ. ಯುಎಸ್‌ಬಿ ಫುಲ್ ಸ್ಪೀಡ್‌ನಲ್ಲಿ ಪ್ರತಿ ಮಿಲಿಸೆಕೆಂಡಿಗೊಮ್ಮೆ ಫ್ರೇಮ್ ಹೋಗುತ್ತದೆ, ಆ ಬಡಿತ ವಿದ್ಯುತ್ ಸಾಲಿನಲ್ಲಿ ಸೇರಿ ಹೀಗೆ ಕೇಳುತ್ತದೆ. ಹಾರ್ಡ್ ಡಿಸ್ಕ್ ಇರುವ ಹಬ್‌ನಿಂದ ತೆಗೆದು ಮದರ್‌ಬೋರ್ಡ್‌ನ ಹಿಂದಿನ ಪೋರ್ಟ್‌ಗೆ ನೇರವಾಗಿ ಹಾಕಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಎಡಿಯುಎಂ 4160 ಚಿಪ್‌ನ ಯುಎಸ್‌ಬಿ ಐಸೋಲೇಟರ್ ಇನ್ನೂ ಚೆನ್ನ, ಆದರೆ ಅದು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ದಾಟಿಸುತ್ತದೆ. ಹೈ ಸ್ಪೀಡ್‌ನಲ್ಲೇ ಓಡುವ ಡ್ಯಾಕ್ (ಡಿಜಿಟಲ್ ಸಂಕೇತವನ್ನು ವಿದ್ಯುತ್ತಾಗಿಸುವ ಸಾಧನ) ಹಾಕಿದರೆ ಕೆಲಸ ಮಾಡದೇ ಇರಬಹುದು.

ಪಟಪಟ ಒಡೆಯುವುದಕ್ಕೆ ವೈರ್ ಮುಟ್ಟಬೇಕಾಗಿಯೇ ಇಲ್ಲ. ನುಡಿಸುವ ಮೊದಲು ಧ್ವನಿ ಕೂಡಿಡುವ ಜಾಗ, ಬಫರ್, ಸಮಯಕ್ಕೆ ತುಂಬುತ್ತಿಲ್ಲ, ಅಷ್ಟೆ. ಲಿನಕ್ಸ್‌ನಲ್ಲಿ ಪೈಪ್‌ವೈರ್‌ನ ಪಿಡಬ್ಲ್ಯೂ-ಟಾಪ್ ಎಂಬ ಆಜ್ಞೆ ತೋರಿಸುವ ಎರರ್ ಅಂಕಣದ ಸಂಖ್ಯೆ ಪ್ರತಿ ‘ಪಟ್’ಗೂ ಏರಿದರೆ ಒಂದು ಸಲಕ್ಕೆ ತುಂಬುವ ಧ್ವನಿ ಮಾದರಿಗಳ ಸಂಖ್ಯೆಯಾದ ಕ್ವಾಂಟಮ್ ಅನ್ನು 1024ಕ್ಕೆ ಏರಿಸುತ್ತೇನೆ, 48000 ಹರ್ಟ್ಸ್‌ನಲ್ಲಿ ಅದು 21 ಮಿಲಿಸೆಕೆಂಡ್, ಹಾಡು ಕೇಳಲು ಏನೂ ತೊಂದರೆಯಿಲ್ಲ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ತಡಮಾಡುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಮೊದಲು ವೈ-ಫೈ ಆರಿಸಿ ನೋಡಿ.

ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಶುರುವಾದಾಗ ಮಾತ್ರ ಕರ್ಕಶವಾಗಿ ‘ಬರ್ರ್’ ಎಂದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಅದರ ಚೂಪು ಅಂಚುಗಳು ಹೊರಡಿಸುವ ಸದ್ದು 50 ಹರ್ಟ್ಸ್‌ನಲ್ಲಿ ನಿಲ್ಲದೆ ಮೇಲಿನ ಸ್ವರಗಳಿಗೂ ಹರಡುತ್ತದೆ. ಅದೇ ಹೊತ್ತಿಗೆ ಫ್ಯಾನ್ ಕೂಡ ಗೊರಗುಟ್ಟುತ್ತಿರುತ್ತದೆ, ಕಿವಿಗೊಟ್ಟು ನೋಡಿ. ವೈರಿಗೆ ಫೆರೈಟ್ ಕ್ಲಿಪ್ ಹಾಕಿ ಪ್ರಯೋಜನವಿಲ್ಲ, ಅದು ಮೊಬೈಲ್‌ನಂಥ ರೇಡಿಯೋ ಆವರ್ತನಕ್ಕೆ ಮಾತ್ರ. ಸೈನ್ ವೇವ್ ಇನ್ವರ್ಟರ್ ಬರುವವರೆಗೆ ಕರೆಂಟ್ ಹೋದ ತಕ್ಷಣ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳುತ್ತೇನೆ.