ಮನೆಯಲ್ಲಿ ಯೋಗಾಸನ: ಉಪದೇಶವಿಲ್ಲದ ವಿಡಿಯೊಗಳನ್ನು ನಾನು ಆರಿಸಿಕೊಂಡ ಬಗೆ

ಯೋಗಾಸನದ ವಿಡಿಯೊಗಳಿಗೆ ಇಂದು ಬರವಿಲ್ಲ. ಆದರೆ ಆಸನವನ್ನು ಚೆನ್ನಾಗಿ ಕಲಿಸಿ, ಅಲ್ಲಿಗೇ ಮಾತು ನಿಲ್ಲಿಸುವ ವಿಡಿಯೊ ಬೇಕೆಂದು ಹೊರಟರೆ ಹುಡುಕಾಟ ಅಷ್ಟು ಸುಲಭವಲ್ಲ. ನಾನು ಮೈಸೂರಿನ ಕುವೆಂಪುನಗರದಲ್ಲಿರುವ ಬ್ಯಾಂಕ್ ಉದ್ಯೋಗಿ. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಕತ್ತು ಮತ್ತು ಸೊಂಟ ಹಿಡಿದುಕೊಳ್ಳತೊಡಗಿದಾಗ, ಬೆನ್ನು ಹಾಗೂ ಹೊಟ್ಟೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ನಿಯಮಿತವಾಗಿ ಮಾಡಬೇಕೆಂದೂ, ಅದು ಯೋಗಾಸನವಾದರೂ ಆದೀತೆಂದೂ ಫಿಸಿಯೊಥೆರಪಿಸ್ಟ್ ಹೇಳಿದರು. ಸಂಜೆ ನನ್ನ ಜೊತೆಗೆ ಅಭ್ಯಾಸಕ್ಕೆ ಬರುವ ಪಕ್ಕದ ಮನೆಯ ಗೆಳತಿ ಕ್ರೈಸ್ತರು. ಶ್ಲೋಕ ಹೇಳಿ ಕೈಮುಗಿಯಬೇಕಾದಾಗ ಅವರಿಗೆ ಮುಜುಗರವಾಗುತ್ತಿತ್ತು. ನನ್ನ ಕಾರಣ ಬೇರೆ. ನಮ್ಮ ಮನೆಯಲ್ಲಿ ಪೂಜೆಗೆ ಅದರದೇ ಹೊತ್ತು, ಅದರದೇ ಜಾಗ ಇದೆ. ಚಾಪೆಯ ಮೇಲೆ ನಿಂತಾಗ ಮಂಡಿ ಎಲ್ಲಿರಬೇಕು, ಹಿಮ್ಮಡಿ ಎಲ್ಲಿರಬೇಕು ಎಂಬುದು ತಿಳಿದರೆ ಸಾಕು, ಪರದೆಯ ಮೇಲಿನ ಅಪರಿಚಿತರ ಉಪದೇಶ ಬೇಕಿಲ್ಲ. "ದೇವರ ಹೆಸರಿಲ್ಲದೆ ಅದೆಂಥಾ ಯೋಗವಮ್ಮ?" ಎಂದು ಅತ್ತೆಯವರು ಕೇಳಿದ್ದುಂಟು. "ಕತ್ತು ನೋವಿನ ಯೋಗ, ಅತ್ತೆ" ಎಂದೆ. ಅವರು ನಕ್ಕು ಸುಮ್ಮನಾದರು.

ಮೈಸೂರಿನಲ್ಲಿದ್ದುಕೊಂಡು ಹೀಗೆ ಹೇಳುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ಇದು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸರ ಪದ್ಧತಿಗಳು ಇಂದು ಜಗತ್ತಿನ ಉದ್ದಗಲಕ್ಕೂ ಹರಡಿವೆ. ಜೋಯಿಸರ ಅಷ್ಟಾಂಗ ಪದ್ಧತಿಯನ್ನು ಕಲಿಯಲು ಬರುವ ವಿದೇಶಿಯರು ಗೋಕುಲಂ ಬಡಾವಣೆಯಲ್ಲಿ ಸದಾ ಕಾಣಸಿಗುತ್ತಾರೆ. ಅಷ್ಟಾಂಗದ ಅಭ್ಯಾಸ 'ವಂದೇ ಗುರೂಣಾಂ' ಎಂಬ ಶ್ಲೋಕದಿಂದ ಆರಂಭವಾಗುತ್ತದೆ, ಅಯ್ಯಂಗಾರ್ ಪದ್ಧತಿಯ ತರಗತಿ ಪತಂಜಲಿಯ ಸ್ತುತಿಯಿಂದ. ಆದರೆ ಈ ಎರಡು ಪದ್ಧತಿಗಳ ವಿಡಿಯೊಗಳನ್ನು ಪೂರ್ತಿಯಾಗಿ ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು: ಶ್ಲೋಕ ಮುಗಿದ ನಂತರ ನಡೆಯುವುದೆಲ್ಲ ಬಹುಮಟ್ಟಿಗೆ ಶರೀರದ ಕೆಲಸ. ಒಂದರಲ್ಲಿ ಏಕಂ, ದ್ವೇ ಎಂಬ ಎಣಿಕೆಗೆ ಸರಿಯಾಗಿ ಉಸಿರು ಮತ್ತು ಚಲನೆ; ಇನ್ನೊಂದರಲ್ಲಿ ಮರದ ಇಟ್ಟಿಗೆ, ಬೆಲ್ಟ್, ಕುರ್ಚಿ, ಗೋಡೆಗಳ ಆಸರೆಯಲ್ಲಿ ಒಂದೊಂದು ಕೀಲನ್ನೂ ಸರಿಯಾದ ಜಾಗಕ್ಕೆ ತರುವ ತಾಳ್ಮೆ. ಹಾಗಾಗಿ ಮಂತ್ರವಿದೆ ಎಂಬ ಒಂದೇ ಕಾರಣಕ್ಕೆ ವಿಡಿಯೊವನ್ನು ತಳ್ಳಿಹಾಕುವುದನ್ನು ನಾನು ಬಿಟ್ಟೆ. ಮಂತ್ರವನ್ನು ಅಭ್ಯಾಸದಿಂದ ಬೇರ್ಪಡಿಸಲು ಬರುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆಯಾಯಿತು.

ಬೇರ್ಪಡಿಸಲು ಬರುವುದಕ್ಕೆ ಒಳ್ಳೆಯ ಉದಾಹರಣೆ ಆಯುಷ್ ಸಚಿವಾಲಯವು ಅಂತರರಾಷ್ಟ್ರೀಯ ಯೋಗ ದಿನಕ್ಕೆಂದು ರೂಪಿಸಿರುವ 45 ನಿಮಿಷಗಳ ಸಾಮಾನ್ಯ ಯೋಗ ಕ್ರಮ. ಅದರ ಆರಂಭದಲ್ಲಿ 'ಸಂಗಚ್ಛಧ್ವಂ' ಪ್ರಾರ್ಥನೆ, ಕೊನೆಯಲ್ಲಿ ಧ್ಯಾನ, ಸಂಕಲ್ಪ ಮತ್ತು ಶಾಂತಿಪಾಠ ಇವೆ. ನಡುವಿನಲ್ಲಿ ಕತ್ತು, ಭುಜ, ಸೊಂಟ, ಮಂಡಿಗಳನ್ನು ಸಡಿಲಗೊಳಿಸುವ ಚಲನೆಗಳು, ನಂತರ ತಾಡಾಸನ, ವೃಕ್ಷಾಸನ, ತ್ರಿಕೋನಾಸನದಂಥ ನಿಂತು ಮಾಡುವ ಆಸನಗಳು, ಕುಳಿತು ಮಾಡುವವು, ಕವುಚಿ ಮತ್ತು ಅಂಗಾತ ಮಲಗಿ ಮಾಡುವವು ಹೀಗೆ ಕ್ರಮವಾಗಿ ಬರುತ್ತವೆ. ಮೊದಲ ಕೆಲವು ನಿಮಿಷ ಹಾರಿಸಿ, ಪ್ರಾಣಾಯಾಮ ಮುಗಿದಲ್ಲಿಗೆ ನಿಲ್ಲಿಸಿದರೆ ಯಾವ ಆಸನವೂ ತಪ್ಪುವುದಿಲ್ಲ. ಹೊಸಬರಿಗೆ ನಾನು ಇದನ್ನೇ ಮೊದಲು ಸೂಚಿಸುತ್ತೇನೆ, ಆದರೂ ಕೆಲವು ವಾರಗಳ ನಂತರ ಸ್ನಾಯುಗಳಿಗೆ ಇದು ಸಪ್ಪೆಯೆನಿಸುತ್ತದೆ. ಕುಂಡಲಿನಿ ಎಂಬ ಹೆಸರಿನ ವಿಡಿಯೊಗಳ ಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಚಲನೆಯ ಲಯವೇ ಮಂತ್ರದ ಮೇಲೆ ನಿಂತಿರುವುದರಿಂದ ಮಂತ್ರವನ್ನು ತೆಗೆದರೆ ಅಭ್ಯಾಸವೇ ಉಳಿಯುವುದಿಲ್ಲ, ಅವು ನಮ್ಮಂಥವರಿಗಲ್ಲ.

ನಿಜವಾದ ತೊಡಕು ಮಂತ್ರದಲ್ಲಿಲ್ಲ, ಸೂಚನೆಯ ಜಾಗದಲ್ಲಿ ಭಾವಪೂರ್ಣ ಮಾತು ಬಂದು ಕುಳಿತುಕೊಳ್ಳುವುದರಲ್ಲಿದೆ ಎಂಬುದು ನನಗೆ ನಿಧಾನವಾಗಿ ಅರಿವಾಯಿತು. ಎರಡನೆಯ ವೀರಭದ್ರಾಸನವನ್ನು ಕಲಿಸುವ ಒಬ್ಬರು "ಭೂಮಿಯ ಶಕ್ತಿ ನಿಮ್ಮ ಪಾದದಿಂದ ಮೇಲೇರಿ ಹೃದಯವನ್ನು ತುಂಬಲಿ" ಎನ್ನುತ್ತಾರೆ. ಇನ್ನೊಬ್ಬರು "ಮುಂದಿನ ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳುಗಳ ದಿಕ್ಕಿನಲ್ಲೇ ಇರಲಿ, ಹಿಂದಿನ ಪಾದದ ಹೊರ ಅಂಚು ನೆಲವನ್ನು ಒತ್ತಲಿ, ಭುಜಗಳು ಕಿವಿಯ ಕಡೆಗೆ ಏರದಿರಲಿ" ಎನ್ನುತ್ತಾರೆ. ಮೊದಲನೆಯ ಮಾತು ಕೇಳಲು ಹಿತವಾಗಿರಬಹುದು, ಆದರೆ ಅದನ್ನು ನಂಬಿಕೊಂಡು ನಿಂತವರ ಮಂಡಿ ಎತ್ತ ವಾಲಿದೆ ಎಂದು ಹೇಳುವವರಿಲ್ಲ. ಮನೆಯಲ್ಲಿ ಗುರುಗಳು ಪಕ್ಕದಲ್ಲಿ ನಿಂತು ತಿದ್ದುವುದೂ ಇಲ್ಲ. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಆರೋಗ್ಯದ ಹೆಸರಿನ ಘೋಷಣೆಗಳ ಬಗ್ಗೆ. ಬೆನ್ನು ತಿರುಚುವ ಆಸನಗಳು ದೇಹದ ವಿಷವನ್ನು ಹಿಂಡಿ ತೆಗೆಯುತ್ತವೆ, ಸರ್ವಾಂಗಾಸನ ಥೈರಾಯ್ಡ್ ತೊಂದರೆಯನ್ನು ಗುಣಪಡಿಸುತ್ತದೆ, ಇಂಥ ಚಕ್ರ ತೆರೆದರೆ ಇಂಥ ರೋಗ ಹೋಗುತ್ತದೆ ಎಂಬ ಮಾತುಗಳು ಪೂಜೆ, ಮಂತ್ರ ಯಾವುದೂ ಇಲ್ಲದ ಆಧುನಿಕ ವಿಡಿಯೊಗಳಲ್ಲೂ ಧಾರಾಳವಾಗಿವೆ. ರಕ್ತವನ್ನು ಶುದ್ಧಿಮಾಡುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ನಾವು ಸುಮ್ಮನೆ ಕುಳಿತಿದ್ದಾಗಲೂ ಮಾಡುತ್ತಿರುತ್ತವೆ. ಥೈರಾಯ್ಡ್‌ಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಒಂದು ಆಸನದ ಭರವಸೆಯಲ್ಲಿ ನಿಲ್ಲಿಸುವವರು ಯಾರಾದರೂ ಇದ್ದರೆ, ಅದು ಶ್ಲೋಕವೊಂದು ಕಿವಿಗೆ ಬೀಳುವುದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಇಂಥ ಘೋಷಣೆಯೊಂದು ಕೇಳಿಸಿದರೆ, ಉಳಿದ ಭಾಗ ಎಷ್ಟೇ ಚೆನ್ನಾಗಿರಲಿ, ಆ ವಿಡಿಯೊವನ್ನು ನಾನು ಕೈಬಿಡುತ್ತೇನೆ.

ಪರಿಶೀಲನೆಯನ್ನು ಚಾಪೆಯ ಮೇಲಲ್ಲ, ಸೋಫಾದ ಮೇಲೆ ಕುಳಿತು ಮಾಡುತ್ತೇನೆ. ಯೂಟ್ಯೂಬಿನಲ್ಲಿ ವೇಗವನ್ನು ದುಪ್ಪಟ್ಟಿಗೆ ಏರಿಸಿ ಮೊದಲ ಮೂರು ನಿಮಿಷ, ನಡುವಿನ ಒಂದು ಕಷ್ಟದ ಆಸನ ಮತ್ತು ಕೊನೆಯ ಶವಾಸನ, ಇಷ್ಟನ್ನು ನೋಡಿದರೆ ಕಲಿಸುವವರ ಸ್ವಭಾವ ತಿಳಿದುಬಿಡುತ್ತದೆ. ಇಂಗ್ಲಿಷ್ ವಿಡಿಯೊಗಳಾದರೆ ಕಂಪ್ಯೂಟರಿನಲ್ಲಿ ಮಾತಿನ ಲಿಖಿತ ರೂಪವನ್ನು ತೆರೆದು ಚಕ್ರ, ಎನರ್ಜಿ, ಡಿಟಾಕ್ಸ್ ಎಂಬ ಪದಗಳನ್ನು ಹುಡುಕುತ್ತೇನೆ. ಒಂದು ನಿಮಿಷದ ಕೆಲಸ. ಹುಡುಕುವಾಗ ಬರೀ ಯೋಗ ಎಂದು ಟೈಪ್ ಮಾಡುವುದಕ್ಕಿಂತ ಸ್ಟ್ರೆಂತ್, ಮೊಬಿಲಿಟಿ, ಫಿಟ್‌ನೆಸ್ ಎಂಬ ಪದಗಳನ್ನು ಸೇರಿಸಿದರೆ ಒಳ್ಳೆಯದು. ಸಂಸ್ಕೃತ ಹೆಸರುಗಳನ್ನು ಮಾತ್ರ ನಾನು ಬಿಟ್ಟಿಲ್ಲ, ಏಕೆಂದರೆ ಸೇತುಬಂಧಾಸನ ಎಂದು ಹುಡುಕಿದರೆ ಎಲ್ಲ ಭಾಷೆಯವರ ಪಾಠವೂ ಸಿಗುತ್ತದೆ.

ಶರೀರಕ್ಕಷ್ಟೇ ಸೀಮಿತರಾಗಿ ಕಲಿಸುತ್ತೇವೆಂದು ಬಹಿರಂಗವಾಗಿ ಹೇಳಿಕೊಂಡವರೂ ಇದ್ದಾರೆ. ಅಮೆರಿಕದ ಡೀನ್ ಪೋಲ್‌ಮನ್ ಅವರ ಮ್ಯಾನ್ ಫ್ಲೋ ಯೋಗ ಅಂಥದ್ದು. ಹೆಸರು ಗಂಡಸರದ್ದಾದರೂ ಪಾಠಕ್ಕೆ ಆ ಭೇದವಿಲ್ಲ. ಯಾವ ಸ್ನಾಯು ಬಿಗಿಯಾಗಬೇಕು, ಯಾವುದು ಸಡಿಲವಾಗಬೇಕು ಎಂಬ ಸೂಚನೆಗಳು ನನಗೆ ಬಹಳ ಉಪಯೋಗವಾದವು. ಕುಸ್ತಿಪಟು ಡೈಮಂಡ್ ಡಲ್ಲಾಸ್ ಪೇಜ್ ಬೆನ್ನಿಗೆ ಪೆಟ್ಟಾದ ನಂತರ ರೂಪಿಸಿದ ಡಿಡಿಪಿ ಯೋಗದಲ್ಲಿಯೂ ಅಧ್ಯಾತ್ಮದ ಮಾತಿಲ್ಲ, ಆದರೆ ಅಲ್ಲಿನ ಅಬ್ಬರ ನಮ್ಮ ಮನೆಯ ಸಂಜೆಗೆ ಹೊಂದಲಿಲ್ಲ. ಕನ್ನಡದ ವಿಡಿಯೊಗಳಲ್ಲಿ ನನಗೆ ಹಿಡಿಸಿದವು ಹೆಚ್ಚಾಗಿ ಫಿಸಿಯೊಥೆರಪಿಸ್ಟರು ಮಾಡಿದ, ಯೋಗ ಎಂಬ ಹೆಸರನ್ನೇ ಇಟ್ಟುಕೊಳ್ಳದ ಬೆನ್ನುನೋವಿನ ವ್ಯಾಯಾಮಗಳು.

ಧ್ವನಿಯನ್ನು ಬಂದ್ ಮಾಡಿ ನೋಡುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ಅದು ಎಲ್ಲ ಕಡೆಯೂ ನಡೆಯುವುದಿಲ್ಲ. ಯಿನ್ ಎಂಬ ಬಗೆಯ ಯೋಗದಲ್ಲಿ ಒಂದೊಂದು ಭಂಗಿಯನ್ನು ಮೂರರಿಂದ ಐದು ನಿಮಿಷ ಹಿಡಿಯುವುದರಿಂದ ಕಲಿಸುವವರು ಆ ಮೌನವನ್ನು ತತ್ತ್ವಚಿಂತನೆಯಿಂದ ತುಂಬುತ್ತಾರೆ. ಅಲ್ಲಿ ಧ್ವನಿ ತೆಗೆದರೆ ನಷ್ಟವಿಲ್ಲ. ವಿನ್ಯಾಸ ಅಥವಾ ಪವರ್ ಎಂಬ ಹೆಸರಿನ ಯೋಗದಲ್ಲಿ ಉಸಿರಿಗೊಂದು ಚಲನೆ ಬದಲಾಗುತ್ತದೆ, ತಲೆ ಕೆಳಗಾಗಿರುವಾಗ ಪರದೆ ನೋಡಲು ಹೋದರೆ ಕತ್ತು ಹೊರಳುತ್ತದೆ. ಅಲ್ಲಿ ಸೂಚನೆ ಕಿವಿಗೆ ಬೀಳಲೇಬೇಕು. ಶವಾಸನಕ್ಕೆ ನಾವು ವಿಡಿಯೊವನ್ನೇ ನಿಲ್ಲಿಸಿ ಮೊಬೈಲಿನಲ್ಲಿ ಐದು ನಿಮಿಷದ ಟೈಮರ್ ಇಡುತ್ತೇವೆ. ಆ ಹೊತ್ತಿನಲ್ಲಿ ಗೆಳತಿ ತಮ್ಮ ಪ್ರಾರ್ಥನೆ ಮಾಡಿಕೊಳ್ಳುತ್ತಾರೋ, ನಾನು ರಾತ್ರಿಯ ಅಡುಗೆಯನ್ನು ನೆನೆಯುತ್ತೇನೋ, ಅದು ಅವರವರಿಗೆ ಬಿಟ್ಟದ್ದು.

ಅಧಿಕ ರಕ್ತದೊತ್ತಡ ಅಥವಾ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಶೀರ್ಷಾಸನ, ಸರ್ವಾಂಗಾಸನಗಳನ್ನು ಮಾಡಬಾರದೆಂಬ ಎಚ್ಚರಿಕೆಯನ್ನು ಕೊಡದೆ ಅವನ್ನು ಕಲಿಸುವ ವಿಡಿಯೊ, ಅದೆಷ್ಟು ವೈಜ್ಞಾನಿಕವಾಗಿ ಕಂಡರೂ, ನಮ್ಮ ಪಟ್ಟಿಗೆ ಸೇರುವುದಿಲ್ಲ. ಇನ್ನೊಂದು ಕೊರತೆ ಯೋಗಾಸನದ್ದೇ: ನೆಲವನ್ನು ತಳ್ಳುವ ಚಲನೆಗಳು ಅದರಲ್ಲಿ ಬೇಕಾದಷ್ಟಿವೆ, ಭಾರವನ್ನು ತನ್ನತ್ತ ಎಳೆಯುವ ಚಲನೆ ಇಲ್ಲವೇ ಇಲ್ಲ ಎನ್ನಬಹುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಾಗಿ ಕಿಟಕಿಯ ಸರಳಿಗೆ ವ್ಯಾಯಾಮದ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಗಳನ್ನು ಬೆನ್ನ ಹಿಂದಕ್ಕೆ ಎಳೆಯುವ ಅಭ್ಯಾಸವನ್ನು ಸೇರಿಸಿಕೊಂಡಿದ್ದೇವೆ. ಫಿಸಿಯೊಥೆರಪಿಸ್ಟ್ ಒಮ್ಮೆ ತೋರಿಸಿಕೊಟ್ಟದ್ದರಿಂದ ಅದಕ್ಕೆ ವಿಡಿಯೊ ಬೇಕಾಗಿಲ್ಲ.