ನೌಕರಿ ಮಾಡುತ್ತಲೇ ಅರ್ಥ ಕಟ್ಟುವುದು ಹೇಗೆ? ಮುಂಬಯಿಯ ಹೊಸ ವೇಷಧಾರಿಗಳಿಗೆ

ಯಕ್ಷಗಾನದ ದೊಡ್ಡ ಕಲಾವಿದರ ಅಭಿಮನ್ಯುವನ್ನು ಮೊಬೈಲಿನಲ್ಲಿ ಕೇಳಿ, ಮಾತನ್ನೆಲ್ಲ ಬರೆದುಕೊಂಡು, ಬಾಯಿಪಾಠ ಮಾಡಿ ಅಭ್ಯಾಸಕ್ಕೆ ಬರುವ ಹುಡುಗ ಹುಡುಗಿಯರನ್ನು ಈಗ ಮುಂಬಯಿಯಲ್ಲಿ ಬಹಳ ನೋಡುತ್ತೇನೆ. ಅವರ ಶ್ರದ್ಧೆ ದೊಡ್ಡದು. ಆದರೂ ಅವರಿಗೆ ನಾನು ಮೊದಲು ಹೇಳುವುದು ಇಷ್ಟು: ಬರೆದ ಹಾಳೆಯನ್ನು ಮನೆಯಲ್ಲಿಡಿ, ಪದ್ಯವನ್ನು ಮಾತ್ರ ತನ್ನಿ. ಕಥೆಯನ್ನು ಹಾಡಿ ನಡೆಸುವ ಭಾಗವತರ ಪದ್ಯ, ಪ್ರಸಂಗ ಎನ್ನುವ ಪದ್ಯಕಥೆಯ ಪುಸ್ತಕದಲ್ಲಿದೆ. ಆ ಪದ್ಯದ ಮೇಲೆ ವೇಷಧಾರಿ ಆಡುವ ಮಾತು, ಅಂದರೆ ಅರ್ಥ, ಅದರಲ್ಲಿಲ್ಲ. ಎದುರಿಗೆ ನಿಂತವರ ಮಾತು ಕೇಳಿ, ಆ ಹೊತ್ತಿಗೆ, ನೀವೇ ಕಟ್ಟಬೇಕು. ಅರ್ಥ ಹೇಳುವುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಧ್ವನಿಮುದ್ರಿಕೆಗಳನ್ನು ಎಷ್ಟು ಬೇಕಾದರೂ ಕೇಳಿ. ವಾಲಿ ರಾಮನನ್ನು ಪ್ರಶ್ನಿಸುವಾಗ ಒಂದು ಮಾತಿನಿಂದ ಇನ್ನೊಂದು ಮಾತು ಹೇಗೆ ಹುಟ್ಟುತ್ತದೆ ಎಂಬುದನ್ನು ಗಮನಿಸಿ. ಆದರೆ ಅವರ ವಾಕ್ಯಗಳನ್ನು ನಿಮ್ಮ ಬಾಯಿಗೆ ತಂದುಕೊಳ್ಳಬೇಡಿ. ಎದುರಿನವರು ಬೇರೆ ಪ್ರಶ್ನೆ ಕೇಳಿದ ಕ್ಷಣ ಅವು ನಿಮ್ಮನ್ನು ನಡುರಂಗದಲ್ಲಿ ಬಿಟ್ಟುಹೋಗುತ್ತವೆ.

ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ವಿಮಾ ಕಚೇರಿಯಲ್ಲಿ ನೌಕರಿ, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರ, ಮಾಡುತ್ತೇನೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ನಮ್ಮಲ್ಲಿ ಹೆಚ್ಚಿನವರು ಬೆಳೆದದ್ದು ಹೀಗೆಯೇ. ಯಕ್ಷಗಾನದ ರಂಗದಲ್ಲಿ ಇಂಗ್ಲಿಷ್ ಪದ ನುಸುಳುವಂತಿಲ್ಲ ಎಂಬ ಕಟ್ಟುಪಾಡು ನಮಗೆ ಕರಾವಳಿಯ ಊರಿನವರಿಗಿಂತ ಕಷ್ಟದ್ದು. ಅದಕ್ಕೆ ಉಪಾಯವಿದೆ. ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿ. ಸುಧನ್ವನನ್ನೋ ಬಬ್ರುವಾಹನನನ್ನೋ ಮಾಡುವ ಆಸೆಯಿದ್ದರೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಆ ಕಥೆಗಳಿವೆ. ಅರ್ಥ ಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಓದಿ. ಓದಿದ್ದನ್ನು ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಿ. ಆಮೇಲೆ ತಾಳಮದ್ದಳೆಗೆ ಹೋಗಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತನಾಡುವುದಷ್ಟೇ. ಚಿಕ್ಕ ಪಾತ್ರವನ್ನಾದರೂ ಕೇಳಿ ಪಡೆಯಿರಿ. ಮಾತು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನು ಪದ್ಯದಿಂದ ಅರ್ಥ ಕಟ್ಟುವ ಕ್ರಮ. ಪದ್ಯ ಕೈಗೆ ಬಂದಾಗ ಯಾರು ಯಾರಿಗೆ ಹೇಳುತ್ತಿದ್ದಾರೆ, ಏನು ಬೇಕೆಂದು ಹೇಳುತ್ತಿದ್ದಾರೆ, ಹೇಳಿ ಮುಗಿಸುವಷ್ಟರಲ್ಲಿ ಏನು ಬದಲಾಗಿರುತ್ತದೆ ಎಂದು ಕೇಳಿಕೊಳ್ಳಿ. ಉದಾಹರಣೆಗೆ ಚಕ್ರವ್ಯೂಹದ ಬಾಗಿಲಲ್ಲಿ ಅಭಿಮನ್ಯುವಿಗೆ ದ್ರೋಣ ಎದುರಾಗುತ್ತಾನೆ. ಅವನು ಶತ್ರುವಿನ ಸೇನಾಪತಿ, ಜೊತೆಗೆ ಅಪ್ಪನ ಗುರು. ಹೊಸಬರು ನೇರವಾಗಿ ಬೈಗುಳಕ್ಕೆ ಇಳಿಯುತ್ತಾರೆ. ಚಪ್ಪಾಳೆಯೂ ಬೀಳುತ್ತದೆ, ಆದರೆ ಅಲ್ಲಿಗೆ ಪಾತ್ರ ಸತ್ತಿತು. ನಾನು ಹೀಗೆ ತೊಡಗುವುದುಂಟು: "ನನ್ನ ತಂದೆಗೆ ಬಿಲ್ಲು ಹಿಡಿಯಲು ಕಲಿಸಿದ ಕೈಗಳಿಗೆ ಮೊದಲು ನಮಸ್ಕಾರ. ಆ ಕೈಗಳಲ್ಲಿ ಈಗ ನನಗಾಗಿ ಹೂಡಿದ ಬಾಣವಿದೆ, ಅದಕ್ಕೆ ಉತ್ತರ ಆಮೇಲೆ." ಇನ್ನು ದ್ರೋಣ ಏನೆನ್ನುತ್ತಾನೆ ಎಂಬುದು ಆ ದಿನದ ದ್ರೋಣನಿಗೆ ಬಿಟ್ಟದ್ದು. ಒಬ್ಬರು ಮರುಕದಿಂದ, "ಮಗೂ, ಒಳಗೆ ಬರುವ ದಾರಿಯಷ್ಟೇ ತಿಳಿದವನು ನೀನು, ಹಿಂದಿರುಗು" ಎನ್ನುತ್ತಾರೆ. ಆಗ ಗರ್ಜಿಸಿದರೆ ಆಭಾಸವಾಗುತ್ತದೆ. "ಒಳಗೆ ಬರಬೇಕೆಂದೇ ಹೊರಟವನಿಗೆ ಹೊರಗಿನ ದಾರಿಯ ಚಿಂತೆಯೇಕೆ, ಆಚಾರ್ಯ?" ಎಂದು ಮೆಲ್ಲಗೆ ಕೇಳಿದರೆ ಸಾಕು. ಇನ್ನೊಬ್ಬರು ಅದೇ ಮಾತನ್ನು ಹಂಗಿಸಿ ಹೇಳಿದರೆ ಉತ್ತರದ ಬಿಸಿಯೇ ಬೇರೆ. ಒಂದೇ ಸನ್ನಿವೇಶಕ್ಕೆ ನಾಲ್ಕಾರು ಬಗೆಯ ದ್ರೋಣರನ್ನು ಊಹಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ. ಗೆಳತಿಯೊಬ್ಬಳನ್ನು ಎದುರಿಗೆ ಕೂರಿಸಿ, ನಿಮಗೆ ಮುಂಚಿತವಾಗಿ ತಿಳಿಸದೆ ಮಾತನಾಡಲು ಹೇಳಿ. ನನ್ನ ಕಚೇರಿಯ ಕೆಲಸಕ್ಕೂ ನನ್ನ ಸ್ವಭಾವಕ್ಕೂ ಯಕ್ಷಗಾನ ಕೊಟ್ಟದ್ದು ಇದನ್ನೇ: ಎದುರಿನವರ ಮಾತು ಮುಗಿಯುವ ತನಕ ನನ್ನ ಉತ್ತರವನ್ನು ಸಿದ್ಧಪಡಿಸದೆ ಇರುವುದು.

ತಾಳದ ಅಭ್ಯಾಸಕ್ಕೆ ಲೋಕಲ್ ರೈಲು ಒದಗುತ್ತದೆ. ಏಕ ತಾಳಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10 ಅಕ್ಷರ, ಅಂದರೆ ಎಣಿಕೆ. ಕುಳಿತಲ್ಲೇ ತೊಡೆಯ ಮೇಲೆ ಬೆರಳಿನಿಂದ ಎಣಿಸಿ, ಬಾಯಿಯೊಳಗೇ ಪದ್ಯ ಹೇಳಿಕೊಳ್ಳಿ. ಕುಣಿತವನ್ನು ಮಾತ್ರ ಗುರುವಿನ ಎದುರಿಗೇ ಕಲಿಯಿರಿ. ವಿಡಿಯೋ ನೋಡಿ ದಿಗಿಣ, ಅಂದರೆ ಜಿಗಿದು ಸುತ್ತುವ ಕುಣಿತ, ಹಾಕಲು ಹೋದರೆ ಮಂಡಿ ಕೆಡುತ್ತದೆ.

ಊರಿನಲ್ಲಿ ಮೇ ತಿಂಗಳ ಕೊನೆಗೆ ಪತ್ತನಾಜೆ, ಅಂದರೆ ಯಕ್ಷಗಾನದ ಋತು ಮುಗಿಯುವ ದಿನ, ಬರುತ್ತದೆ, ಮೇಳಗಳೆಂಬ ತಂಡಗಳು ತಿರುಗಾಟ ನಿಲ್ಲಿಸುತ್ತವೆ. ಆ ಮಳೆಗಾಲದಲ್ಲೇ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಕುರ್ಲಾದ ಬಂಟರ ಭವನವಿರಲಿ, ಸಾಂತಾಕ್ರೂಜಿನ ಬಿಲ್ಲವ ಭವನವಿರಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ ಇರಲಿ, ಎಲ್ಲಿ ಆಟ, ಅಂದರೆ ಯಕ್ಷಗಾನದ ಪ್ರದರ್ಶನ, ಇದೆಯೆಂದು ಕೇಳಿದರೂ ಬೇಗ ಹೋಗಿ. ಅನುಮತಿ ಕೇಳಿ, ವೇಷ ಕಟ್ಟುವ ಕೋಣೆಯಾದ ಚೌಕಿಯ ಮೂಲೆಯಲ್ಲಿ ಕುಳಿತುಕೊಳ್ಳಿ. ಮೊಬೈಲ್ ಹೊರತೆಗೆಯಬೇಡಿ. ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಹಿರಿಯರು ಮಾತು ಕಡಿಮೆ ಮಾಡುತ್ತಾರೆ. ತಲೆಗೆ ಬಟ್ಟೆ ಬಿಗಿಯುವಾಗ ದವಡೆಯನ್ನು ಆಡಿಸಿ ನೋಡುತ್ತಾರೆ, ಬಿಗಿ ಹೆಚ್ಚಾದರೆ ಮಾತಿನ ನಡುವೆ ತಲೆನೋವು ಏಳುತ್ತದೆ. ಇಂಥದ್ದನ್ನು ಯಾರೂ ಪಾಠ ಮಾಡಿ ಹೇಳುವುದಿಲ್ಲ, ಕಣ್ಣಿಟ್ಟು ನೋಡಿಯೇ ತಿಳಿಯಬೇಕು.

ಹಣದ ವಿಷಯವನ್ನು ನೇರವಾಗಿ ಹೇಳುತ್ತೇನೆ. ಮುಂಬಯಿಯಲ್ಲಿ ವೇಷ ಕಟ್ಟಿಯೇ ಸಂಸಾರ ನಡೆಸುವ ಲೆಕ್ಕ ಹಾಕಬೇಡಿ; ನೌಕರಿ ಬಿಡಬೇಡಿ. ಸಂಭಾವನೆ ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ, ಎಷ್ಟೆಂದು ಮೊದಲೇ ಕೇಳಿ ತಿಳಿಯುವುದರಲ್ಲೂ ತಪ್ಪಿಲ್ಲ. ವರ್ಷಕ್ಕೆ ಸಿಗುವ ರಜೆಯಲ್ಲಿ ಒಂದಿಷ್ಟನ್ನು ಮಳೆಗಾಲಕ್ಕೂ ನವರಾತ್ರಿಗೂ ಉಳಿಸಿಕೊಳ್ಳಿ. ಬಯಲಿನ ಆಟಕ್ಕೆ ಸಾಮಾನ್ಯವಾಗಿ ರಾತ್ರಿ 10ರ ನಂತರ ಧ್ವನಿವರ್ಧಕವಿಲ್ಲ, ಪ್ರೇಕ್ಷಕರಿಗೂ ಕೊನೆಯ ರೈಲು ಹಿಡಿಯಬೇಕು. ಇಲ್ಲಿ ನಡೆಯುವುದು ಹೆಚ್ಚಾಗಿ ಮೂರು ನಾಲ್ಕು ಗಂಟೆಯ ಕಾಲಮಿತಿಯ ಆಟ. ನಿಮ್ಮ ಪಾಲಿಗೆ ಹತ್ತು ನಿಮಿಷ ಬಂದರೆ ಹತ್ತೇ ನಿಮಿಷದಲ್ಲಿ ಅರ್ಥ ಮುಗಿಸಿ. ಹೆಚ್ಚು ಎಳೆದರೆ ಮುಂದಿನ ವೇಷದವರ ಪದ್ಯಗಳನ್ನು ಭಾಗವತರು ಕತ್ತರಿಸಬೇಕಾಗುತ್ತದೆ. ಆ ವೇಷದವರೂ ನಿಮ್ಮಂತೆಯೇ ಕಚೇರಿ ಮುಗಿಸಿ, ರೈಲಿನಲ್ಲಿ ನಿಂತುಕೊಂಡು ಬಂದವರು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಪುಂಡುವೇಷ ಕೇಳಿದಾಗ, "ನಿಮಗೇಕೆ, ಸ್ತ್ರೀವೇಷ ಮಾಡಿ" ಎನ್ನುವವರು ಸಿಗುತ್ತಾರೆ. ವಾದಕ್ಕೆ ನಿಲ್ಲಬೇಡಿ, ಬೇಡಿಕೆಯನ್ನೂ ಬಿಡಬೇಡಿ. ಮೊದಲು ಕಥೆ ತೊಡಗುವ ಮುಂಚಿನ ಪೂರ್ವರಂಗದಲ್ಲಿ ಬಾಲಗೋಪಾಲರ ವೇಷದಲ್ಲಿ ಕುಣಿಯಿರಿ, ಸಿಕ್ಕಿದ ದೂತನ ವೇಷವನ್ನೂ ಮನಸ್ಸಿಟ್ಟು ಮಾಡಿ. ಅಭಿಮನ್ಯುವಿನ ಪದ್ಯಗಳೂ ನಡೆಯೂ ಸದಾ ಸಿದ್ಧವಾಗಿರಲಿ. ಆಟದ ದಿನ ಯಾರಿಗೋ ಜ್ವರ ಬರುತ್ತದೆ, ಯಾರದೋ ರೈಲು ತಪ್ಪುತ್ತದೆ; ಆಗ ಭಾಗವತರು ಚೌಕಿಯೊಳಗೆ ಇಣುಕಿ, ಪದ್ಯ ಬರುವವರು ಯಾರಿದ್ದೀರಿ ಎಂದು ಕೇಳುತ್ತಾರೆ. ಎದ್ದು ನಿಲ್ಲಿ.