ಕಾರಂಜಾ ದೋಣಿಗೆ ಎಂಜಿನ್ ಎತ್ತರ ಕೂಡಿಸಿದ್ದು ಹೀಗೆ

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹದಿನಾರು ಅಡಿ ಫೈಬರ್ ದೋಣಿ, ಹಿಂಬದಿಯ ಹಲಗೆಗೆ ತೂಗುಹಾಕುವ 25 ಎಚ್‌ಪಿ ಲಾಂಗ್ ಶಾಫ್ಟ್ (ಉದ್ದ ಕಾಲಿನ) ಎಂಜಿನ್. ಅರ್ಧ ಥ್ರಾಟಲ್ ದಾಟಿದರೆ ಎಂಜಿನ್ ಚೀರುತ್ತಿತ್ತು, ದೋಣಿಗೆ ಮಾತ್ರ ವೇಗ ಬರುತ್ತಿರಲಿಲ್ಲ. ನೋಡಿದವರೆಲ್ಲ "ಇನ್ನಾ ಕೆಳಗ ಇಳಸ್ರಿ, ಫ್ಯಾನಿಗೆ ನೀರ ಸಿಗವಲ್ದು" ಅಂದರು. ಫ್ಯಾನು ಅಂದರೆ ನೀರು ತಳ್ಳುವ ಪ್ರೊಪೆಲ್ಲರ್. ನಾನು ಮುಕ್ಕಾಲು ಇಂಚು ಮೇಲೆತ್ತಿದೆ. ಈಗ ಅದೇ ದೋಣಿ ಫುಲ್ ಥ್ರಾಟಲ್‌ನಲ್ಲಿ 5,200ರ ಆಸುಪಾಸು ಆರ್‌ಪಿಎಂ ಹಿಡಿದು ಓಡುತ್ತದೆ. ನಕ್ಕವರೇ ಅಳತೆ ಕೇಳಿಕೊಂಡು ಬರುತ್ತಿದ್ದಾರೆ.

ನನ್ನ ಕೈಗೆ ಬರುವ ಮೊದಲೇ ಮಾಲೀಕರ ಏಳೆಂಟು ಸಾವಿರ ಹೊಸ ಫ್ಯಾನಿಗೆ ಹೋಗಿತ್ತು. ಪಿಚ್ (ಒಂದು ಸುತ್ತಿಗೆ ಫ್ಯಾನು ಮುಂದೆ ಸಾಗುವ ದೂರ) ಕಡಿಮೆ ಇದ್ದದ್ದು ಹಾಕಿದ್ದರು, ರೇಸ್ ಇನ್ನೂ ಜಾಸ್ತಿಯಾಯಿತು. ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರಿದರೂ ಇದೇ ಲಕ್ಷಣ. ಒಳಗಿನ ಹಬ್‌ನಿಂದ ಹೊರಗಿನ ಹಬ್‌ಗೆ ಪೇಂಟಿನ ಗೆರೆ ಎಳೆದು ಓಡಿಸಿ. ಗೆರೆ ಮುರಿದರೆ ಬುಷ್ ಹೋಗಿದೆ. ಇದರಲ್ಲಿ ಮುರಿಯಲಿಲ್ಲ. ಎಲೆಗಳ ಮೇಲೆ ತಿಂದಂಥ ಗುಳಿಗಳೂ ಇರಲಿಲ್ಲ. ಅಂದರೆ ನಾವೆಲ್ಲ ಕ್ಯಾವಿಟೇಶನ್ (ಒತ್ತಡ ಕುಸಿದು ಎಲೆಯ ಮೇಲೆ ನೀರೇ ಆವಿಯ ಗುಳ್ಳೆಯಾಗುವುದು) ಅನ್ನುತ್ತೇವಲ್ಲ, ಅದಲ್ಲ. ಫ್ಯಾನು ಗಾಳಿ ಕಡಿಯುತ್ತಿತ್ತು.

ದೋಣಿಯನ್ನು ದಡಕ್ಕೆ ತಂದು, ಗೌಂಡಿಗಳ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿದೆ. ಪಟ್ಟಿ ಕೀಲ್ (ತಳದ ನಡುವೆ ಉದ್ದಕ್ಕೆ ಇರುವ ಏಣು) ಮೇಲೆ ಕೂಡಬಾರದು, ಗೇಣು ಪಕ್ಕಕ್ಕೆ ಇರಬೇಕು. ಫ್ಯಾನಿನ ಮೇಲಿನ ಪ್ಲೇಟ್ ತಳದ ಮಟ್ಟಕ್ಕೆ ಅಥವಾ ಇಂಚಿನೊಳಗೆ ಕೆಳಗಿದ್ದರೆ ಸರಿ. ಇಲ್ಲಿ ಪೌಣೇ ಎರಡು (ಒಂದೂಮುಕ್ಕಾಲು) ಇಂಚು ಕೆಳಗಿತ್ತು. ಇಷ್ಟು ಆಳದಲ್ಲಿದ್ದೂ ಗಾಳಿ ಎಲ್ಲಿಂದ?

ಕೀಲ್‌ನಿಂದ. ಎರಡಿಂಚು ಅಗಲದ ಕೀಲ್ ಟ್ರಾನ್ಸಮ್‌ವರೆಗೂ (ಎಂಜಿನ್ ಕೂಡಿಸುವ ಹಿಂಬದಿಯ ಹಲಗೆ) ಬಂದು ಮೊಂಡಾಗಿ ನಿಂತಿತ್ತು. ಅದರ ತುದಿಯಲ್ಲಿ ಒಡೆದ ನೀರು ನೊರೆಯಾಗಿ ನೇರ ಫ್ಯಾನಿಗೆ. ಎಂಜಿನ್ ಇಳಿಸಿದ ಮಾತ್ರಕ್ಕೆ ನೊರೆ ಬೆನ್ನು ಬಿಡುವುದಿಲ್ಲ. ಕೊನೆಯ ಒಂದೂವರೆ ಅಡಿಯನ್ನು ಗ್ರೈಂಡರ್‌ನಿಂದ ಇಳಿಜಾರು ಮಾಡಿ ಸೊನ್ನೆಗೆ ತಂದೆ. ಒಳಗಿನ ಕಟ್ಟಿಗೆ ಬಯಲಾಗುತ್ತದೆ. ಪೂರ್ತಿ ಒಣಗಿಸಿ ಫೈಬರ್ ಮ್ಯಾಟ್ ಎರಡು ಪದರ, ರೆಸಿನ್, ಮೇಲೆ ಜೆಲ್‌ಕೋಟ್ (ನೀರು ತಡೆಯುವ ಹೊರಲೇಪ). ಹಸಿ ಇದ್ದಾಗಲೇ ಮುಚ್ಚಿದರೆ ಕಟ್ಟಿಗೆ ಒಳಗೇ ಕೊಳೆಯುತ್ತದೆ. ಸಾಮಾನಿಗೆ ಎರಡೂವರೆ ಸಾವಿರದಷ್ಟು ಬಿತ್ತು, ಕೂಲಿ ಬೇರೆ.

ಆಮೇಲೆ ಬೋಲ್ಟ್ ಬಿಚ್ಚಿ ಎಂಜಿನ್ ಒಂದು ತೂತು ಮೇಲಕ್ಕೆ, ಅಂದರೆ ಮುಕ್ಕಾಲು ಇಂಚು. ಪ್ಲೇಟ್ ಈಗ ತಳದಿಂದ ಒಂದೇ ಇಂಚು ಕೆಳಗೆ ನಿಂತಿತು, ಚೀರುವುದು ನಿಂತಿತು. ಇನ್ನೊಂದು ತೂತು ಎತ್ತಿದಾಗ ನೇರ ಓಟ ಚುರುಕಾಯಿತು, ತಿರುವಿನಲ್ಲಿ ಮತ್ತೆ ಗಾಳಿ. ವಾಪಸ್ ಇಳಿಸಿದೆ. ಬಿಟ್ಟ ತೂತುಗಳಿಗೆ ಸೀಲಂಟ್ ತುಂಬದಿದ್ದರೆ ಟ್ರಾನ್ಸಮ್ ಪ್ಲೈವುಡ್ ನೀರು ಕುಡಿಯುತ್ತದೆ. ಎತ್ತಿದ ಪ್ರತಿ ಸಲ ಫುಲ್ ಥ್ರಾಟಲ್‌ನಲ್ಲಿ ಕೂಲಿಂಗ್ ನೀರಿನ ಚಿಲುಮೆ ನೋಡಲೇಬೇಕು. ಅದು ಬಿಟ್ಟು ಬಿಟ್ಟು ಬಂದರೆ ಪಂಪ್ ಗಾಳಿ ಎಳೆಯುತ್ತಿದೆ ಅಂತ ಅರ್ಥ, ಇಂಪೆಲ್ಲರ್ (ಪಂಪಿನ ಒಳಗಿನ ರಬ್ಬರ್ ಚಕ್ರ) ಸುಡುತ್ತದೆ.

ನಡುವೆ ನಾಲ್ಕು ಎಂಎಂ ಅಲ್ಯೂಮಿನಿಯಂ ತಗಡಿನ ರೆಕ್ಕೆ ಕತ್ತರಿಸಿ ಪ್ಲೇಟಿಗೆ ಬಿಗಿದೂ ನೋಡಿದೆ. ಮೂತಿ ಬೇಗ ಇಳಿಯಿತು, ಸ್ಟೇರಿಂಗ್ ಭಾರವಾಯಿತು, ಜೊಂಡು ಸಿಕ್ಕಿಕೊಂಡಿತು. ತೆಗೆದೆ. ಫ್ಯಾನಿನ ಎಲೆಯ ಹಿಂದಿನ ಅಂಚನ್ನು ಚೂರು ಬಾಗಿಸಿದರೆ ಇನ್ನೂ ಎತ್ತರದಲ್ಲಿ ನೀರು ಹಿಡಿಯುತ್ತದೆ. ಎಷ್ಟು ಬಾಗಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಟ್ರಯಲ್ ಖಾಲಿ ದೋಣಿಯಲ್ಲಿ ಮಾಡಬೇಡಿ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಬಂದಂಥ ಪ್ರವಾಹದಲ್ಲಿ ದೋಣಿ ಹತ್ತಿದ ಜನರೆಲ್ಲ ಮೂತಿಯ ಕಡೆ ಕೂತರೆ ಹಿಂಭಾಗ ಏಳುತ್ತದೆ, ಕೂಡಿಸಿದ ಅಳತೆ ಕೆಡುತ್ತದೆ. ಉಸುಕಿನ ಚೀಲ ಹೇರಿ, ಮುಂದೊಮ್ಮೆ ಹಿಂದೊಮ್ಮೆ ಸರಿಸಿ ಓಡಿಸಿ, ಆಮೇಲೆ ಬೋಲ್ಟ್ ಕೊನೆಯದಾಗಿ ಬಿಗಿಯಿರಿ.